ರಾಜಿ ಡಿಕ್ರಿಯ ಹಣ ಬಂದಿಲ್ಲ, ತೋಟ ತಮ್ಮನ ಹೆಸರಿಗೆ ಹೋಗುವ ಸುದ್ದಿ ಇದೆ. ಏನು ಮಾಡಲಿ?

ಪ್ರಶ್ನೆ: ಅಂಕೋಲೆಯ ಅಕ್ಕೋರು

ಎಲ್ಲರಿಗೂ ನಮಸ್ಕಾರ. ಬರಹ ಸ್ವಲ್ಪ ಉದ್ದವಾಗುತ್ತದೆ. ಅರ್ಧ ಹೇಳಿದರೆ ಅರ್ಧ ಉತ್ತರ ಸಿಗುತ್ತದೆ ಎಂದು ಲೆಕ್ಕವನ್ನು ಪೂರ್ತಿಯಾಗಿಯೇ ಬರೆಯುತ್ತಿದ್ದೇನೆ.

ನಮ್ಮದು ಪರಸ್ಪರ ಒಪ್ಪಿಗೆಯ ವಿಚ್ಛೇದನ. 2022ರ ಆಗಸ್ಟ್‌ನಲ್ಲಿ ಶಿರಸಿಯಲ್ಲಿ ಡಿಕ್ರಿ (ನ್ಯಾಯಾಲಯದ ಅಂತಿಮ ಆದೇಶ) ಆಯಿತು. ಮಾಜಿ ಗಂಡನವರ ಮನೆ ಶಿರಸಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಮೂರು ಎಕರೆ ಅಡಿಕೆ ತೋಟ, ಮನೆ, ತೋಟಕ್ಕೆ ಹೊಂದಿಕೊಂಡ ಸೊಪ್ಪಿನ ಬೆಟ್ಟ. ನಾನು ಅಂಕೋಲೆ ತಾಲ್ಲೂಕಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಕಾರವಾರದಲ್ಲಿ ಐದು ಗುಂಟೆ ಜಾಗವನ್ನು ಇಬ್ಬರ ಹೆಸರಿನಲ್ಲಿ ಕೊಂಡಿದ್ದೆವು. ಅದರ ಸಾಲದ ಕಂತು ನನ್ನ ಸಂಬಳದಿಂದಲೇ ಹೋಗಿದೆ. ಅವರ ತೋಟದ ಕೊಳವೆಬಾವಿಗೆ, ಅಡಿಕೆ ಒಣಗಿಸುವ ಅಟ್ಟಕ್ಕೆ ಸೇರಿದ್ದು ನನ್ನ ತವರಿನ ಬಂಗಾರ ಅಡವಿಟ್ಟ ಹಣ. ಇವೆಲ್ಲವನ್ನೂ ಕೂಡಿಸಿ ಕಳೆದು ರಾಜಿ ಅರ್ಜಿಯಲ್ಲಿ ಎರಡು ಮಾತು ಬರೆಸಿದ್ದೆವು. ಒಂದು, ಅವರು ನನಗೆ ಒಟ್ಟು 18 ಲಕ್ಷ ರೂಪಾಯಿಯನ್ನು ಮೂರು ಸಮ ಕಂತುಗಳಲ್ಲಿ ಕೊಡಬೇಕು. ಎರಡು, ಕಾರವಾರದ ಜಾಗದಲ್ಲಿ ಅವರ ಅರ್ಧ ಹಕ್ಕನ್ನು ನನಗೆ ಬಿಟ್ಟುಕೊಟ್ಟು ನೋಂದಣಿ ಮಾಡಿಸಿಕೊಡಬೇಕು.

ಮೊದಲ ಆರು ಲಕ್ಷದ ಡಿಡಿ ಡಿಕ್ರಿಯ ದಿನವೇ ಕೈಗೆ ಬಂತು. ಎರಡನೆಯ ಕಂತಿನ ವಾಯಿದೆ 2023ರ ಮಾರ್ಚ್ 31, ಮೂರನೆಯದು 2024ರ ಮಾರ್ಚ್ 31. ಎರಡೂ ಬಂದಿಲ್ಲ. ಮಾರ್ಚ್ ಎಂದು ಬರೆಸಿದ್ದು ಅವರೇ, ಕೊನೆಕೊಯ್ಲು ಮುಗಿದು ಅಡಿಕೆ ಮಾರಿದ ಹಣ ಕೈಯಲ್ಲಿರುತ್ತದೆ ಎಂದು. ಕೇಳಿದಾಗಲೆಲ್ಲ ಒಂದು ವರ್ಷ ಕೊಳೆ ರೋಗ, ಇನ್ನೊಂದು ವರ್ಷ ಎಲೆಚುಕ್ಕೆ ರೋಗ. ದರ ಇದ್ದಾಗ ಅವರಲ್ಲಿ ಅಡಿಕೆ ಇರುವುದಿಲ್ಲ, ಅಡಿಕೆ ಇದ್ದಾಗ ದರ ಇರುವುದಿಲ್ಲ. ಕಾರು ಮಾತ್ರ ಹೊಸದು ಬಂದಿದೆ. ಜಾಗದ ಹಕ್ಕುಬಿಡುಗಡೆ ಪತ್ರಕ್ಕೆ ಉಪನೋಂದಣಿ ಕಚೇರಿಗೆ ಬರುತ್ತೇನೆಂದ ದಿನ ಅವರ ಮೊಬೈಲ್ ಬಂದ್ ಆಗಿರುತ್ತದೆ.

ಈಗ ಹೊಸ ಸುದ್ದಿ. ಮಾವನವರು ತೀರಿಕೊಂಡ ಮೇಲೆ ಪಹಣಿಯಲ್ಲಿ ಅತ್ತೆ, ಇವರು ಮತ್ತು ಇವರ ತಮ್ಮ, ಮೂವರ ಹೆಸರೂ ಜಂಟಿಯಾಗಿ ಕೂತಿವೆ. ಇವರು ತಮ್ಮ ಪಾಲಿನ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಡುತ್ತಾರಂತೆ. ಆಮೇಲೆ ‘ನನ್ನ ಹೆಸರಿನಲ್ಲಿ ಏನೂ ಇಲ್ಲ, ಎಲ್ಲಿಂದ ಕೊಡಲಿ’ ಎನ್ನುವುದಕ್ಕೆ ದಾರಿ ಸಲೀಸು.

ಹೊಸದಾಗಿ ದಾವೆ ಹಾಕಬೇಕೇ? ಪೊಲೀಸರಿಗೆ ದೂರು ಕೊಡಬಹುದೇ? ಹಣ ಕೊಡದಿದ್ದರೆ ವಿಚ್ಛೇದನವೇ ರದ್ದಾಗುತ್ತದೆ ಎಂದು ಶಾಲೆಯ ಸಹೋದ್ಯೋಗಿಯೊಬ್ಬರು ಹೇಳಿದರು, ಹೌದೇ? ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಓಡಾಡುವುದನ್ನು ತಪ್ಪಿಸಿ ಕಾರವಾರದಲ್ಲೇ ನಡೆಸಲು ಬರುತ್ತದೆಯೇ? ತಿಳಿದವರು ಹೇಳಿ.

ಉತ್ತರ: ನಿವೃತ್ತ ಶಿರಸ್ತೇದಾರ, ಕುಮಟಾ

ಅಕ್ಕೋರೇ, ನನ್ನ ನೌಕರಿ ಪೂರ್ತಿ ಸಿವಿಲ್ ನ್ಯಾಯಾಲಯಗಳ ಕಚೇರಿಯಲ್ಲೇ ಕಳೆಯಿತು. ಅಮಲ್ಜಾರಿ, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸುವ ಕಡತಗಳ ಕಪಾಟಿನ ಬೀಗದ ಕೈ ಬಹಳ ಕಾಲ ನನ್ನ ಸೊಂಟದಲ್ಲಿತ್ತು. ನಾನು ವಕೀಲನಲ್ಲ. ಕಡತ ಹೇಗೆ ನಡೆಯುತ್ತದೆ, ಎಲ್ಲಿ ಕೂತುಬಿಡುತ್ತದೆ ಎಂಬುದು ಮಾತ್ರ ಗೊತ್ತು.

ಸಣ್ಣ ಪ್ರಶ್ನೆಗಳನ್ನು ಮೊದಲು ಮುಗಿಸುತ್ತೇನೆ. ಡಿಕ್ರಿಯ ಹಣ ವಸೂಲಿ ಪೊಲೀಸರ ಕೆಲಸವಲ್ಲ. ಠಾಣೆಗೆ ಹೋದರೆ ಒಂದು ದಿನ ರಜೆ ಹಾಳು. ಹಣ ಬರಲಿಲ್ಲವೆಂದು ವಿಚ್ಛೇದನ ತಾನಾಗಿ ರದ್ದಾಗುವುದಿಲ್ಲ, ನಿಮ್ಮ ಸಹೋದ್ಯೋಗಿಯ ಮಾತನ್ನು ಅಲ್ಲೇ ಬಿಡಿ. ಹೊಸ ದಾವೆಯೂ ಬೇಡ. ಹಿಂದೂ ವಿವಾಹ ಕಾಯ್ದೆಯ 28ಎ ಕಲಂ ಪ್ರಕಾರ ಆ ಕಾಯ್ದೆಯಡಿ ಆದ ಡಿಕ್ರಿಯೂ ಆದೇಶವೂ ಬೇರೆ ಯಾವುದೇ ಸಿವಿಲ್ ಡಿಕ್ರಿಯಂತೆಯೇ ಅಮಲಾಗಬೇಕು. ಕೌಟುಂಬಿಕ ನ್ಯಾಯಾಲಯದ ಡಿಕ್ರಿಯಾದರೆ 1984ರ ಕಾಯ್ದೆಯ 18ನೇ ಕಲಂ ಅದನ್ನೇ ಹೇಳುತ್ತದೆ. ನೀವು ಹಾಕಬೇಕಾದದ್ದು ಅಮಲ್ಜಾರಿ ಅರ್ಜಿ. ಹೊಸ ದಾವೆಗೆ ಕಟ್ಟುವಂತೆ ಹನ್ನೆರಡು ಲಕ್ಷಕ್ಕೆ ತಕ್ಕ ಕೋರ್ಟು ಶುಲ್ಕವನ್ನು ಇದಕ್ಕೆ ಕಟ್ಟಬೇಕಿಲ್ಲ.

ಅವಧಿ ಮೀರಿತೇ ಎಂಬ ಹೆದರಿಕೆಯೂ ಬೇಡ. ಕಾಲಮಿತಿ ಕಾಯ್ದೆಯ 136ನೇ ಅನುಚ್ಛೇದದಲ್ಲಿ ಹನ್ನೆರಡು ವರ್ಷ ಕೊಟ್ಟಿದ್ದಾರೆ, ಅದೂ ಇಂಥ ದಿನ ಕೊಡಬೇಕೆಂದು ಬರೆದ ಕಂತಿಗೆ ಆ ಕಂತು ತಪ್ಪಿದ ದಿನದಿಂದ ಲೆಕ್ಕ. ಕಾನೂನಿನಲ್ಲಿ ನಿಮಗೆ ಅವಸರವಿಲ್ಲ. ಅವಸರ ಇರುವುದು ಆ ತಮ್ಮನ ಹೆಸರಿನ ಸುದ್ದಿಯಲ್ಲಿ.

ಇಂದೇ ಮಾಡಬೇಕಾದ ಕೆಲಸ ಹೇಳುತ್ತೇನೆ. ಡಿಕ್ರಿಯ ದೃಢೀಕೃತ ನಕಲನ್ನು ತೆಗೆದು ಕೊನೆಯ ಪುಟ ಓದಿ. ‘ವಿವಾಹವನ್ನು ವಿಸರ್ಜಿಸಲಾಗಿದೆ’ ಎಂಬಲ್ಲಿಗೆ ನಿಂತಿದೆಯೋ, ‘ರಾಜಿ ಅರ್ಜಿಯ ಷರತ್ತುಗಳು ಈ ಡಿಕ್ರಿಯ ಭಾಗವಾಗಿರತಕ್ಕದ್ದು’ ಎಂಬ ಸಾಲೂ ಇದೆಯೋ? ಈ ಸಾಲಿನ ಮೇಲೆ ನಿಮ್ಮ ಹನ್ನೆರಡು ಲಕ್ಷ ನಿಂತಿದೆ. ಸಾಲು ಇದ್ದರೆ ಎದುರಿನವರು ಏನೇ ಹೇಳಲಿ, ಅಮಲ್ಜಾರಿ ನ್ಯಾಯಾಲಯ ಡಿಕ್ರಿಯ ಹಿಂದಕ್ಕೆ ಹೋಗಿ ‘ಇದು ನ್ಯಾಯವೇ, ಹೆಚ್ಚಾಯಿತೇ’ ಎಂದು ಕೆದಕುವಂತಿಲ್ಲ. ಇಲ್ಲದಿದ್ದರೆ ತಕರಾರು ಅಲ್ಲಿಂದಲೇ ಶುರು. ಆದೇಶದಲ್ಲಿ ರಾಜಿಯನ್ನು ಒಪ್ಪಿ, ಡಿಕ್ರಿ ಬರೆಯುವಾಗ ಕಚೇರಿಯಲ್ಲಿ ಆ ಸಾಲು ಬಿಟ್ಟುಹೋಗಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) 152ನೇ ಕಲಂ ಕೆಳಗೆ ತಿದ್ದುಪಡಿ ಕೇಳಬಹುದು. ಡಿಕ್ರಿ ಬರೆಯುವ ಗುಮಾಸ್ತರ ಕೈ ಎಲ್ಲೆಲ್ಲಿ ಜಾರುತ್ತದೆ ಎಂಬುದನ್ನು ನನ್ನಷ್ಟು ಚೆನ್ನಾಗಿ ಬಲ್ಲವರು ಕಡಿಮೆ.

ಬಡ್ಡಿಯ ಸಾಲನ್ನೂ ಹುಡುಕಿ. ಹಣದ ಡಿಕ್ರಿ ಬಡ್ಡಿಯ ಬಗ್ಗೆ ಮೌನವಾಗಿದ್ದರೆ ನ್ಯಾಯಾಲಯ ಅದನ್ನು ನಿರಾಕರಿಸಿದೆ ಎಂದೇ ಸಿಪಿಸಿಯ 34ನೇ ಕಲಂ ತಿಳಿಯುತ್ತದೆ.

ಇನ್ನು ತೋಟ. ಕೃಷಿಕನು ವಾಸವಿರುವ ಮನೆ, ಅವನ ಕೃಷಿ ಉಪಕರಣ, ಜಾನುವಾರುಗಳಿಗೆ ಸಿಪಿಸಿಯ 60ನೇ ಕಲಂ ರಕ್ಷಣೆ ಕೊಟ್ಟಿದೆ. ಅವುಗಳನ್ನು ಅರ್ಜಿಯಲ್ಲಿ ಸೇರಿಸಿ ತಕರಾರಿಗೆ ಎಡೆ ಮಾಡಿಕೊಡಬೇಡಿ. ಸೊಪ್ಪಿನ ಬೆಟ್ಟ ಅವರ ಆಸ್ತಿಯೇ ಅಲ್ಲ. ಅದು ಸರ್ಕಾರದ ಅರಣ್ಯ ಭೂಮಿ, ತೋಟಿಗರಿಗೆ ಸೊಪ್ಪು, ದರಕು (ಒಣ ಎಲೆ) ತರುವ ಸವಲತ್ತು ಮಾತ್ರ. ತೋಟಕ್ಕೆ ಇಂಥ ರಕ್ಷಣೆ ಇಲ್ಲ. ಮೂವರ ಜಂಟಿ ಹೆಸರಿನಲ್ಲಿದ್ದರೂ ಇವರ ಅವಿಭಾಜ್ಯ ಪಾಲನ್ನು ಜಪ್ತಿ ಮಾಡಿಸಬಹುದು. ಸಿಪಿಸಿಯ 21ನೇ ಆದೇಶದ 54ನೇ ನಿಯಮದಂತೆ ಜಪ್ತಿ ಆದೇಶವಾದರೆ ಆ ಪಾಲನ್ನು ಮಾರುವುದು, ದಾನ ಕೊಡುವುದು, ಬಿಟ್ಟುಕೊಡುವುದು ಎಲ್ಲಕ್ಕೂ ತಡೆ. ಆದೇಶವನ್ನು ಜಮೀನಿನ ಬಳಿ ಡಂಗುರ ಸಾರಿ ಇಲ್ಲವೇ ಊರಿನ ರೂಢಿಯಂತೆ ಪ್ರಕಟಿಸಬೇಕು; ಜಮೀನಿನಲ್ಲಿ, ನ್ಯಾಯಾಲಯದಲ್ಲಿ ಅಂಟಿಸಬೇಕು; ಗ್ರಾಮ ಪಂಚಾಯಿತಿ ಕಚೇರಿಯಲ್ಲೂ ಅಂಟಿಸಬೇಕು. ನಾನು ಕಂಡಂತೆ ಘಟ್ಟದ ಮೇಲಿನ ಮರ್ಯಾದಸ್ಥ ಮನೆಗಳಲ್ಲಿ ಹಣ ಹೊರಗೆ ಬರುವುದು ಹರಾಜಿನ ದಿನವಲ್ಲ, ಪಂಚಾಯಿತಿ ಗೋಡೆಯ ಮೇಲೆ ಆ ಕಾಗದ ಬಿದ್ದ ವಾರ.

ಜಪ್ತಿಯ ನಂತರ ಅವರು ತಮ್ಮನಿಗೆ ಬರೆದುಕೊಟ್ಟರೆ ಸಿಪಿಸಿಯ 64ನೇ ಕಲಂ ಪ್ರಕಾರ ಆ ಬರಹ ನಿಮ್ಮ ವಸೂಲಿಯ ಮಟ್ಟಿಗೆ ಶೂನ್ಯ. ಜಪ್ತಿಗೆ ಮೊದಲೇ ಬರೆದುಕೊಟ್ಟುಬಿಟ್ಟರೆ? ಆಗ ಹಣ ಬರಬೇಕಾದವರನ್ನು ವಂಚಿಸಲು ಮಾಡಿದ ವರ್ಗಾವಣೆ ಎಂದು ಸ್ವತ್ತು ವರ್ಗಾವಣೆ ಕಾಯ್ದೆಯ 53ನೇ ಕಲಂ ಕೆಳಗೆ ಹೋರಾಡಬೇಕು. ಅದು ಇನ್ನೊಂದು ದಾವೆ, ಇನ್ನಷ್ಟು ವರ್ಷ. ಆದ್ದರಿಂದ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಆ ಸರ್ವೆ ನಂಬರುಗಳ ಋಣಭಾರ ಪ್ರಮಾಣಪತ್ರವನ್ನು ಈಗಲೇ ತೆಗೆಸಿ ನೋಡಿ. ತಹಶೀಲ್ದಾರರಿಗೆ ತಕರಾರು ಅರ್ಜಿ ಕೊಡಿ ಎಂದು ಯಾರಾದರೂ ಹೇಳುತ್ತಾರೆ, ಕೊಡಿ, ತೊಂದರೆಯಿಲ್ಲ. ಆದರೆ ಅದರಿಂದ ಖಾತೆ ಬದಲಾಗುವುದು ತಡವಾದೀತೇ ಹೊರತು ನೋಂದಣಿ ನಿಲ್ಲುವುದಿಲ್ಲ.

ಡಿಕ್ರಿಯಾಗಿ ಎರಡು ವರ್ಷ ದಾಟಿರುವುದರಿಂದ ಅಮಲ್ಜಾರಿಗೆ ಮುಂಚೆ ಅವರಿಗೆ ನೋಟಿಸು ಹೋಗಬೇಕು ಎನ್ನುತ್ತದೆ ಅದೇ 21ನೇ ಆದೇಶದ 22ನೇ ನಿಯಮ. ನೋಟಿಸು ಎಂದರೆ ಎಚ್ಚರಿಕೆಯ ಗಂಟೆಯೂ ಹೌದು: ಕೈಗೆ ಸಿಕ್ಕ ಮರುದಿನವೇ ಅಣ್ಣತಮ್ಮ ಇಬ್ಬರೂ ಉಪನೋಂದಣಿ ಕಚೇರಿಯ ಬೆಂಚಿನ ಮೇಲೆ ಇರುತ್ತಾರೆ. ಆದರೆ ಅದೇ ನಿಯಮದ ಎರಡನೆಯ ಉಪನಿಯಮದಲ್ಲಿ ಒಂದು ಬಾಗಿಲಿದೆ. ನೋಟಿಸಿನಿಂದ ವಿನಾಕಾರಣ ವಿಳಂಬವಾಗುತ್ತದೆ ಅಥವಾ ನ್ಯಾಯದ ಉದ್ದೇಶವೇ ಸೋಲುತ್ತದೆ ಎಂದು ಕಂಡರೆ, ಕಾರಣ ಬರೆದು ನೋಟಿಸಿಲ್ಲದೆಯೇ ಮುಂದುವರಿಯಲು ನ್ಯಾಯಾಧೀಶರಿಗೆ ಅಧಿಕಾರವಿದೆ. ತಮ್ಮನ ಹೆಸರಿನ ಸುದ್ದಿಯನ್ನು ನಿಮ್ಮ ವಕೀಲರು ಪ್ರಮಾಣಪತ್ರದಲ್ಲಿ (ಅಫಿಡವಿಟ್) ಬರೆಸಿ, ಈ ಉಪನಿಯಮವನ್ನು ಹೆಸರಿಸಿ ಪ್ರತ್ಯೇಕ ಅರ್ಜಿ ಹಾಕಲಿ. ಸುಮ್ಮನೆ ಬಾಯಿಮಾತಿನಲ್ಲಿ ಕೇಳಿದರೆ ಪೀಠದ ಕೆಳಗೆ ಕೂತ ನಮ್ಮಂಥವರು ‘ನೋಟಿಸು, ವಾಪಸು ಇಂಥ ತಾರೀಖು’ ಎಂದು ಬರೆದು ಮುಂದಿನ ಕಡತ ತೆಗೆಯುತ್ತೇವೆ.

ಕಾರವಾರದಲ್ಲಿ ನಡೆಸುವ ಮಾತು. ತೋಟ ಶಿರಸಿ ತಾಲ್ಲೂಕಿನಲ್ಲಿದೆ, ಡಿಕ್ರಿಯೂ ಅಲ್ಲಿಯದೇ. ಕಡತವನ್ನು ಕಾರವಾರಕ್ಕೆ ವರ್ಗ ಮಾಡಿಸಿದರೆ ತೋಟದ ಜಪ್ತಿಗೆ ಪುನಃ ಘಟ್ಟ ಹತ್ತಿಸಬೇಕಾಗುತ್ತದೆ. ಶಿರಸಿಯಲ್ಲೇ ಇರಲಿ. ಪ್ರತಿ ತಾರೀಖಿಗೂ ನೀವೇ ಹೋಗಬೇಕೆಂದಿಲ್ಲ, ವಕಾಲತ್ತು ಇದ್ದರೆ ಸಾಕು. ಮುಂದಿನ ತಾರೀಖು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಕಾಣುತ್ತದೆ.

ಕಾರವಾರದ ಜಾಗಕ್ಕೂ ಅದೇ ನ್ಯಾಯಾಲಯ ಸಾಕು. ಪತ್ರ ಬರೆದುಕೊಡಬೇಕೆಂದು ಡಿಕ್ರಿಯಿದ್ದೂ ಬರೆದುಕೊಡದವರಿಗೆ ಅದೇ 21ನೇ ಆದೇಶದ 34ನೇ ನಿಯಮವಿದೆ. ನೀವೇ ಹಕ್ಕುಬಿಡುಗಡೆ ಪತ್ರದ ಕರಡು ತಯಾರಿಸಿ ನ್ಯಾಯಾಲಯಕ್ಕೆ ಕೊಡಬೇಕು. ಅವರಿಗೆ ಆಕ್ಷೇಪಣೆಗೆ ಸಮಯ ಕೊಡುತ್ತಾರೆ. ಆಮೇಲೂ ಅವರು ಸಹಿ ಮಾಡದಿದ್ದರೆ ಅವರ ಪರವಾಗಿ ನ್ಯಾಯಾಲಯದ ಅಧಿಕಾರಿಯೇ ಸಹಿ ಮಾಡುತ್ತಾರೆ. ಅವರ ಮೊಬೈಲ್ ಬಂದ್ ಇದ್ದರೂ ಕೆಲಸ ಆಗುತ್ತದೆ. ಇಂಥ ಪತ್ರಗಳಿಗೆ ನಾನೇ ಉಪನೋಂದಣಿ ಕಚೇರಿಗೆ ಹೋಗಿ ಹೆಬ್ಬೆಟ್ಟೊತ್ತಿ ಬಂದಿದ್ದೇನೆ. ಕಕ್ಷಿದಾರರು ಮಾಡಬೇಕಾದ ಸಹಿಯನ್ನು ನಾನು ಮಾಡುತ್ತಿರುವುದು ಕಂಡು ಅಲ್ಲಿನ ಪತ್ರ ಬರಹಗಾರರಿಗೆ ನಗು.

ಕೊನೆಗೊಂದು ಮಾತು. 1872ರಷ್ಟು ಹಿಂದೆಯೇ ಪ್ರಿವಿ ಕೌನ್ಸಿಲ್ ಹೇಳಿತ್ತು, ಭಾರತದಲ್ಲಿ ದಾವೆದಾರನ ಕಷ್ಟ ಶುರುವಾಗುವುದು ಡಿಕ್ರಿ ಸಿಕ್ಕ ಮೇಲೆ ಎಂದು. 2021ರಲ್ಲಿ ಸುಪ್ರೀಂ ಕೋರ್ಟ್ ಅಮಲ್ಜಾರಿಗಳನ್ನು ಆರು ತಿಂಗಳಲ್ಲಿ ಮುಗಿಸಬೇಕು, ತಡವಾದರೆ ಕಾರಣ ಬರೆಯಬೇಕು ಎಂದು ನಿರ್ದೇಶನ ಕೊಟ್ಟಿದೆ. ನಿಮ್ಮ ವಕೀಲರು ಆ ತೀರ್ಪಿನ ಪ್ರತಿಯನ್ನು ಅರ್ಜಿಯ ಜೊತೆಗೇ ಇಡಲಿ. ಆರು ತಿಂಗಳಲ್ಲೇ ಮುಗಿಯುತ್ತದೆ ಎಂದು ನಾನು ಹೇಳುವುದಿಲ್ಲ, ಆದರೆ ವಾಯಿದೆ ಕೇಳುವವರ ಬಾಯಿ ಸ್ವಲ್ಪ ಚಿಕ್ಕದಾಗುತ್ತದೆ.

ಉತ್ತರ: ಶರಾವತಿ ದಂಡೆಯವಳು, ಹೊನ್ನಾವರ

ಅಕ್ಕಾ, ನಾನು ಈ ದಾರಿಯಲ್ಲಿ ನಡೆದು ಬಂದವಳು. ಶಿರಸ್ತೇದಾರರು ಬಂಧನದ ಮಾತು ಎತ್ತಲಿಲ್ಲ, ನಾನು ಎತ್ತುತ್ತೇನೆ. ನಿಮ್ಮ ನೆಂಟರಲ್ಲಿ ಯಾರಾದರೂ ಒಬ್ಬರು ‘ಒಳಗೆ ಹಾಕಿಸು, ತಾನಾಗಿ ಕೊಡುತ್ತಾನೆ’ ಎಂದೇ ಹೇಳುತ್ತಾರೆ.

ನಮ್ಮ ವಕೀಲರು ಮೊದಲು ಬಂಧನಕ್ಕೇ ಅರ್ಜಿ ಹಾಕಿದರು. ಮಾಜಿ ಗಂಡ ಬಂದು ‘ವ್ಯಾಪಾರ ಮುಳುಗಿದೆ, ನನ್ನಲ್ಲಿ ಏನೂ ಇಲ್ಲ’ ಎಂದು ನಿಂತರು. ಕೊಡುವ ಶಕ್ತಿ ಇದ್ದೂ ಕೊಡುತ್ತಿಲ್ಲ ಎಂಬುದನ್ನು ನಾವು ತೋರಿಸಬೇಕಂತೆ. ಬರೀ ಬಡತನಕ್ಕೆ ಜೈಲಿಲ್ಲ ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆಯಂತೆ. ಸರಿ, ಸಾಕ್ಷ್ಯ, ವಿಚಾರಣೆ. ಅದಕ್ಕಿಂತ ಮಜಾ ಎಂದರೆ, ಅವರನ್ನು ಸಿವಿಲ್ ಜೈಲಿಗೆ ಕಳಿಸಿದರೆ ಅಲ್ಲಿನ ಅವರ ಊಟದ ಭತ್ಯೆಯನ್ನು ನಾನೇ ಮುಂಗಡ ಕಟ್ಟಬೇಕಿತ್ತು! ಸಂಸಾರದಲ್ಲಿದ್ದಾಗ ಬೇಯಿಸಿ ಹಾಕಿದ್ದು ಸಾಲದು ಎಂದು ಇದೊಂದು. ಹೆಚ್ಚೆಂದರೆ ಮೂರು ತಿಂಗಳು ಇಡುತ್ತಾರೆ. ಹೊರಗೆ ಬಂದ ಮೇಲೆ ಸಾಲವೇನೋ ಹಾಗೇ ಇರುತ್ತದೆ, ಆದರೆ ಅದೇ ಡಿಕ್ರಿಗೆ ಇನ್ನೊಮ್ಮೆ ಹಿಡಿಸುವಂತಿಲ್ಲ.

ಆಮೇಲೆ ಬೇರೆ ವಕೀಲೆಯನ್ನು ಹಿಡಿದೆ. ಅವರು ಅದೇ 21ನೇ ಆದೇಶದ 41ನೇ ನಿಯಮದಲ್ಲಿ ಅರ್ಜಿ ಹಾಕಿ, ‘ನಿನ್ನ ಆಸ್ತಿ ಏನೇನಿದೆ ಪ್ರಮಾಣಪತ್ರ ಕೊಡು’ ಎಂದು ಆದೇಶ ಮಾಡಿಸಿದರು. ಅದನ್ನು ಕೊಡದಿದ್ದರೆ ಕೊಡದ ತಪ್ಪಿಗೇ ಜೈಲು, ಅಲ್ಲಿ ಬಡತನದ ನೆಪ ನಡೆಯುವುದಿಲ್ಲ. ಕೊಟ್ಟ ಪಟ್ಟಿಯಲ್ಲಿ ಒಂದು ಸಹಕಾರಿ ಬ್ಯಾಂಕಿನ ಠೇವಣಿ ಇತ್ತು. ಅದನ್ನು ಬ್ಯಾಂಕಿನಲ್ಲೇ ಜಪ್ತಿ ಮಾಡಿಸಿದೆವು. ಬಾಕಿಯ ದೊಡ್ಡ ಭಾಗ ಅದರಲ್ಲೇ ಬಂತು.

ನಿಮ್ಮವರು ಅಡಿಕೆ ಹಾಕುವ ಸೊಸೈಟಿ ಯಾವುದೆಂದು ನಿಮಗೆ ಗೊತ್ತಿರುತ್ತದೆ. ಅಲ್ಲಿ ಅವರ ಲೆಕ್ಕದಲ್ಲಿ ಜಮೆಯಾಗುವ ಮಾರಾಟದ ಹಣದ ಮೇಲೂ ಇದೇ ರೀತಿ ಹೋಗಬಹುದು ಎಂದು ನಮ್ಮ ವಕೀಲೆ ಹೇಳುತ್ತಿದ್ದರು. ಸೊಸೈಟಿ ತನ್ನ ಬೆಳೆಸಾಲವನ್ನು ಮುರಿದುಕೊಂಡ ಮೇಲೆ ಉಳಿದದ್ದಷ್ಟೇ ನಿಮ್ಮ ಪಾಲಿಗೆ, ಅದು ನೆನಪಿರಲಿ.

ಉಳಿದ ಕಂತಿಗೆ ಚೆಕ್ ಏನಾದರೂ ಬರೆದುಕೊಟ್ಟಿದ್ದರೇ? ಕೊಟ್ಟು, ಮೂರು ತಿಂಗಳ ಒಳಗೆ ಬ್ಯಾಂಕಿಗೆ ಹಾಕಿದ್ದು ವಾಪಸಾಗಿದ್ದರೆ ಅದಕ್ಕೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಕ್ರಿಮಿನಲ್ ದೂರು ಬೇರೆಯೇ ಇದೆ. ಆದರೆ ವಾಪಸಾದ ಮಾಹಿತಿ ಬಂದ ಮೂವತ್ತು ದಿನದೊಳಗೆ ನೋಟಿಸು ಕೊಟ್ಟಿರಬೇಕು.

ಉತ್ತರ: ಸಿದ್ದಾಪುರದ ತೋಟಿಗ

ಇಲ್ಲಿ ಎಲ್ಲರೂ ಜಪ್ತಿ, ಡಂಗುರ, ಜೈಲು ಎನ್ನುತ್ತಿದ್ದೀರಿ. ನಾನೂ ತೋಟಿಗ. ಎಲೆಚುಕ್ಕೆ ರೋಗ ನೆಪವಲ್ಲ ತಂಗಿ, ನಮ್ಮ ಪಕ್ಕದ ತೋಟದಲ್ಲಿ ಮರಗಳ ಸೋಗೆ ಒಣಗಿ ನಿಂತಿರುವುದನ್ನು ದಿನಾ ನೋಡುತ್ತೇನೆ. ಔಷಧಿ ಹೊಡೆಸುವ ಕೂಲಿ, ಕೊನೆಗೌಡರ ಕೂಲಿ, ಎಲ್ಲ ಕಳೆದರೆ ಮೂರು ಎಕರೆಯಲ್ಲಿ ವರ್ಷಕ್ಕೆ ಆರು ಲಕ್ಷ ಎತ್ತಿಕೊಡುವುದು ಸುಲಭವಲ್ಲ. ಅದೂ ಮೂವರ ಪಾಲು ಇರುವಲ್ಲಿ. ಆ ಮನುಷ್ಯ ಒಳ್ಳೆಯವನು ಎಂದು ನಾನು ಹೇಳುತ್ತಿಲ್ಲ. ಕಾರಿನ ವಿಷಯ ನನಗೂ ಹಿಡಿಸಲಿಲ್ಲ. ಆದರೆ ತೋಟ ಹರಾಜಿಗೆ ಬಂದರೆ ವಯಸ್ಸಾದ ಆ ತಾಯಿ ಮತ್ತು ತಮ್ಮನ ಗತಿ ಏನು? ಹಿರಿಯರು ನಾಲ್ಕು ಜನ ಕೂತು ವರ್ಷಕ್ಕೆ ಮೂರು ಲಕ್ಷದಂತೆ ಮಾಡಿಕೊಂಡರೆ ನಾಲ್ಕು ವರ್ಷದಲ್ಲಿ ಮುಗಿಯುತ್ತದೆ. ಸುಮ್ಮನೆ ಕೋರ್ಟು ಹತ್ತಿದರೆ ವಕೀಲರ ಮನೆಯ ಅಂಗಳಕ್ಕೂ ಹೊಸ ಕಾರು ಬರುತ್ತದೆ, ಅಷ್ಟೇ.

ಉತ್ತರ: ನಿವೃತ್ತ ಶಿರಸ್ತೇದಾರ, ಕುಮಟಾ

ಹೆಗಲ ಮೇಲೆ ದೋಟಿ ಹೊತ್ತವರ ಕಷ್ಟ ನನಗೂ ಗೊತ್ತು, ನನ್ನ ಅಕ್ಕನ ಮನೆಯೂ ಸಿದ್ದಾಪುರದ ಕಡೆಯೇ. ತಾಯಿ ಮತ್ತು ತಮ್ಮನ ಪಾಲಿಗೆ ಜಪ್ತಿ ತಟ್ಟುವುದಿಲ್ಲ, ಇವರ ಪಾಲಿಗೆ ಮಾತ್ರ. ಹರಾಜಾದರೂ ಬಾಕಿ ತೀರಲು ಬೇಕಾದಷ್ಟನ್ನೇ ಮಾರಬೇಕು ಎಂಬುದು ನಿಯಮ. ಅಷ್ಟಕ್ಕೂ ಆ ತಾಯಿಯ ಚಿಂತೆ ಇದ್ದವರು ವಾಯಿದೆಯ ಮಾರ್ಚ್ ತಿಂಗಳಲ್ಲೇ ಅಕ್ಕೋರ ಮನೆಗೆ ಹೋಗಿ ‘ಈ ವರ್ಷ ಅರ್ಧ ತೆಗೆದುಕೊಳ್ಳಿ’ ಎನ್ನುತ್ತಿದ್ದರು.

ಕಂತು ಇಳಿಸಿಕೊಳ್ಳುವ ಮಾತಿಗೆ ನಾನು ವಿರೋಧಿಯಲ್ಲ. ಆದರೆ ಹಿರಿಯರ ಚಾವಡಿಯಲ್ಲಿ ಅಲ್ಲ. ಮೊದಲು ಜಪ್ತಿ ಆಗಲಿ, ಆಮೇಲೆ ಅದೇ ಕಡತದಲ್ಲಿ ಅಥವಾ ಲೋಕ ಅದಾಲತ್‌ನಲ್ಲಿ ರಾಜಿ ಬರೆಸಿ. ಲೋಕ ಅದಾಲತ್‌ನ ತೀರ್ಮಾನವೂ ಸಿವಿಲ್ ಡಿಕ್ರಿಯೇ, ಅದರ ಮೇಲೆ ಮೇಲ್ಮನವಿ ಇಲ್ಲ. ಹೊಸ ಕಂತು ಪೂರ್ತಿ ತೀರುವವರೆಗೆ ಜಪ್ತಿ ಮುಂದುವರಿಯುತ್ತದೆ ಎಂಬ ಒಂದು ಸಾಲು ಅದರಲ್ಲಿ ಇರಲೇಬೇಕು.

ಇಬ್ಬರಿಗೂ ಅನ್ವಯಿಸುವ ಇನ್ನೊಂದು ವಿಷಯವಿದೆ. ಡಿಕ್ರಿಯ ಹಣವನ್ನು ಕೋರ್ಟಿನ ಹೊರಗೆ ಕೊಟ್ಟರೆ ಅದನ್ನು ಕೋರ್ಟಿನಲ್ಲಿ ದಾಖಲು ಮಾಡಿಸಬೇಕು. ದಾಖಲಾಗದ ಪಾವತಿಯನ್ನು ಅಮಲ್ಜಾರಿ ನ್ಯಾಯಾಲಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಮ್ಮ ನಾಲ್ಕು ಜನ ಹಿರಿಯರ ಮುಂದೆ ಅವರು ಪ್ರಾಮಾಣಿಕವಾಗಿ ಮೂರು ಲಕ್ಷ ಕೊಟ್ಟರೂ ಕಾಗದವಿಲ್ಲದಿದ್ದರೆ ಸಿಕ್ಕಿಬೀಳುವವರು ಅವರೇ.

ಉತ್ತರ: ಕೋಡಿಬಾಗದ ವಕೀಲೆ

ಮೇಲಿನವರು ಹೇಳಿದ್ದು ಬಹುಪಾಲು ಸರಿ, ಎರಡು ವಿಷಯ ಸೇರಿಸುತ್ತೇನೆ.

ರಾಜಿ ಷರತ್ತು ಡಿಕ್ರಿಯ ಭಾಗವಾಗಿಲ್ಲ, ತಿದ್ದುಪಡಿಯೂ ಆಗದು ಎಂದಾದರೆ ಆಗ ಅದು ಕೇವಲ ಕರಾರು. ಕರಾರು ಮುರಿದದ್ದಕ್ಕೆ ದಾವೆ ಹಾಕಲು ಮೂರು ವರ್ಷ ಮಾತ್ರ. ನಿಮ್ಮ ಎರಡನೆಯ ಕಂತಿನ ವಾಯಿದೆ 2023ರ ಮಾರ್ಚ್, ಲೆಕ್ಕ ಹಾಕಿಕೊಳ್ಳಿ. ಶಿರಸ್ತೇದಾರರು ‘ಕಾನೂನಿನಲ್ಲಿ ಅವಸರವಿಲ್ಲ’ ಎಂದದ್ದು ಡಿಕ್ರಿಯಲ್ಲಿ ಆ ಸಾಲು ಇದ್ದರೆ ಮಾತ್ರ ನಿಜ.

ನ್ಯಾಯಾಂಗ ನಿಂದನೆ ಹಾಕಿಸಿ ಎಂದು ಯಾರಾದರೂ ಹೇಳಿದರೆ, ನಿಮ್ಮ ಮಾಜಿ ಗಂಡ ನ್ಯಾಯಾಲಯಕ್ಕೇ ಸ್ಪಷ್ಟವಾಗಿ ಮುಚ್ಚಳಿಕೆ ಬರೆದುಕೊಟ್ಟಿದ್ದರೇ ಎಂಬುದನ್ನು ಮೊದಲು ನೋಡಿ. ಬರೀ ರಾಜಿ ಡಿಕ್ರಿ ಪಾಲಿಸದಿರುವುದು ನಿಂದನೆಯಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಮುಚ್ಚಳಿಕೆ ಇದ್ದರೂ ನಿಂದನೆಗೆ ಒಂದೇ ವರ್ಷದ ಅವಧಿ.

ಖರ್ಚಿನ ಚಿಂತೆ ಇದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ಸಿಗುತ್ತದೆ, ಸರ್ಕಾರಿ ಸಂಬಳವಿದೆ ಎಂದು ಹಿಂಜರಿಯಬೇಡಿ. ಸಹಾಯವಾಣಿ 15100.

ಪ್ರಶ್ನಿಸಿದವರು: ಅಂಕೋಲೆಯ ಅಕ್ಕೋರು

ಎಲ್ಲರಿಗೂ ಧನ್ಯವಾದ. ನಕಲು ತೆಗೆದು ಓದಿದೆ. ಆ ಸಾಲು ಇದೆ: ‘ರಾಜಿ ಅರ್ಜಿಯ ಷರತ್ತುಗಳು ಡಿಕ್ರಿಯ ಭಾಗವಾಗಿರತಕ್ಕದ್ದು.’ ಕಂತು ತಪ್ಪಿದರೆ ತಪ್ಪಿದ ದಿನದಿಂದ ವರ್ಷಕ್ಕೆ ಶೇ 9ರಂತೆ ಬಡ್ಡಿ ಎಂದೂ ಇದೆ. ಅದನ್ನು ಬರೆಸಿದ್ದು ನನ್ನ ಅಣ್ಣ. ಆ ದಿನ ‘ಇದೆಲ್ಲ ಯಾಕೆ, ನಾವು ಕೊಡದೆ ಇರುತ್ತೇವೆಯೇ’ ಎಂದು ಆ ಕಡೆಯವರು ಮುನಿಸಿಕೊಂಡಿದ್ದರು.

ಚೆಕ್ ಯಾವುದೂ ಇಲ್ಲ. ಋಣಭಾರ ಪ್ರಮಾಣಪತ್ರ ತೆಗೆಸಿದೆ, ಇವತ್ತಿನವರೆಗೆ ಹಕ್ಕುಬಿಡುಗಡೆ ನೋಂದಣಿಯಾಗಿಲ್ಲ. ಪಹಣಿಯ 11ನೇ ಕಾಲಂನಲ್ಲಿ ಸೊಸೈಟಿಯ ಬೆಳೆಸಾಲವೊಂದು ಕಾಣುತ್ತದೆ.

ಸಿದ್ದಾಪುರದ ಅಣ್ಣನವರಿಗೆ ಒಂದು ಮಾತು. ಅತ್ತೆಯ ಮೇಲೆ ನನಗೆ ಸಿಟ್ಟಿಲ್ಲ. ಹಬ್ಬಕ್ಕೆ ಈಗಲೂ ಫೋನ್ ಮಾಡುತ್ತಾರೆ, ತೊಡದೇವು ಕಳಿಸುತ್ತಾರೆ. ವರ್ಷಕ್ಕೆ ಮೂರು ಲಕ್ಷದಂತೆ ಅವರ ಮಗ ಬರೆದುಕೊಟ್ಟರೆ ಒಪ್ಪಲು ನಾನು ತಯಾರಿದ್ದೇನೆ. ಆದರೆ ಜಪ್ತಿ ಆದ ಮೇಲೆ, ಶಿರಸ್ತೇದಾರರು ಹೇಳಿದಂತೆ.

ಒಂದು ಸಂಶಯ. ಬಡ್ಡಿಯನ್ನು ಹನ್ನೆರಡು ಲಕ್ಷಕ್ಕೆ ಒಟ್ಟಿಗೇ ಹಾಕಬೇಕೇ? ಹಣಕ್ಕೆ ಒಂದು, ಜಾಗಕ್ಕೆ ಒಂದು ಎಂದು ಎರಡು ಅರ್ಜಿ ಬೇಕೇ?

ಉತ್ತರ: ನಿವೃತ್ತ ಶಿರಸ್ತೇದಾರ, ಕುಮಟಾ

ನಿಮ್ಮ ಅಣ್ಣನಿಗೆ ನನ್ನ ನಮಸ್ಕಾರ ಹೇಳಿ.

ಬಡ್ಡಿ ಬೇರೆಬೇರೆ. ಎರಡನೆಯ ಕಂತಿಗೆ 2023ರ ಏಪ್ರಿಲ್ 1ರಿಂದ, ಮೂರನೆಯದಕ್ಕೆ 2024ರ ಏಪ್ರಿಲ್ 1ರಿಂದ. ಆರು ಲಕ್ಷಕ್ಕೆ ಶೇ 9 ಎಂದರೆ ಒಂದೊಂದು ಕಂತಿಗೆ ವರ್ಷಕ್ಕೆ 54,000 ರೂಪಾಯಿ. ಎರಡೂ ತಪ್ಪಿದ ಮೇಲೆ ವರ್ಷಕ್ಕೆ 1,08,000. ಬಡ್ಡಿಯ ಮೇಲೆ ಬಡ್ಡಿ ಹಾಕಬೇಡಿ, ಡಿಕ್ರಿಯಲ್ಲಿ ಅದು ಇಲ್ಲ. ಒಂದು ರೂಪಾಯಿ ಹೆಚ್ಚು ತೋರಿಸಿದರೂ ಆ ಕಡೆಯ ವಕೀಲರು ಅದೇ ಒಂದು ರೂಪಾಯಿಗೆ ಆಕ್ಷೇಪಣೆ ಬರೆದು ತಾರೀಖು ಪಡೆಯುತ್ತಾರೆ. ಅರ್ಜಿಯ ನಮೂನೆಯಲ್ಲಿ ‘ಡಿಕ್ರಿಯ ನಂತರ ಬಂದ ಹಣ’ ಎಂಬ ಅಂಕಣವಿದೆ. ಮೊದಲ ಆರು ಲಕ್ಷದ ಡಿಡಿಯ ವಿವರವನ್ನು ಅಲ್ಲಿ ತಪ್ಪದೆ ತೋರಿಸಿ.

ಅರ್ಜಿ ಎರಡು ಮಾಡಿಸಿ. ಒಂದೇ ಅರ್ಜಿಯಲ್ಲಿ ಎರಡನ್ನೂ ಕೇಳಬಾರದೆಂದಲ್ಲ, ಆದರೆ ಹಣದ ಜಗಳ ಎಳೆದಷ್ಟೂ ಎಳೆಯುತ್ತದೆ, ಜಾಗದ ಪತ್ರ ಅದರ ಹಿಂದೆ ಸಿಕ್ಕಿಕೊಳ್ಳಬಾರದು. ಪತ್ರದ ಕರಡಿನ ಜೊತೆ ಜಾಗದ ಮೂಲ ಕ್ರಯಪತ್ರದ ನಕಲು, ನಕ್ಷೆ, ಚೆಕ್ಕುಬಂದಿ ಇರಲಿ. ವಿಚ್ಛೇದನವಾದ ಮೇಲೆ ಬರೆಸುವ ಹಕ್ಕುಬಿಡುಗಡೆಗೆ ಮುದ್ರಾಂಕ ಶುಲ್ಕ ಎಷ್ಟು ಎಂಬುದನ್ನು ಉಪನೋಂದಣಿ ಕಚೇರಿಯಲ್ಲಿ ಮೊದಲೇ ಕೇಳಿ ಹಣ ಸಿದ್ಧವಿಟ್ಟುಕೊಳ್ಳಿ.

ತೋಟದ ಜಪ್ತಿ ಪಟ್ಟಿಗೆ ಪ್ರತಿ ಸರ್ವೆ ನಂಬರು, ಹಿಸ್ಸಾ ನಂಬರು, ಎಕರೆ ಗುಂಟೆ, ನಾಲ್ಕು ದಿಕ್ಕಿನ ಚೆಕ್ಕುಬಂದಿ ಬೇಕು. ಪಹಣಿಯಲ್ಲಿರುವಂತೆಯೇ ಬರೆಯಿಸಿ, ಊರಿನವರು ಕರೆಯುವ ತೋಟದ ಹೆಸರನ್ನು ಬರೆದರೆ ಬೇಲಿಫ್ ವಾಪಸು ಬರುತ್ತಾರೆ. ಜಪ್ತಿ ವಾರಂಟಿನ ಪ್ರೊಸೆಸ್ ಶುಲ್ಕವನ್ನು ಆದೇಶವಾದ ದಿನವೇ ಕಟ್ಟಿಸಿ. ಶುಲ್ಕ ಕಟ್ಟದೆ ವಜಾ ಆದ ಅಮಲ್ಜಾರಿಗಳು ಆ ಕಪಾಟಿನಲ್ಲಿ ಒಂದು ಪೂರ್ತಿ ಖಾನೆ ತುಂಬಿದ್ದವು. ಸೊಸೈಟಿಯ ಸಾಲ ಪಹಣಿಯಲ್ಲಿ ಇದ್ದರೆ ಇರಲಿ, ಜಪ್ತಿಗೆ ಅದು ಅಡ್ಡಿಯಲ್ಲ. ಅದರ ಬಾಕಿ ಎಷ್ಟೆಂದು ಮಾತ್ರ ವಕೀಲರಿಗೆ ಮುಂಚೆಯೇ ಹೇಳಿಡಿ.